ಬಾಸ್ವರ್ತ್ ಕದನ: ಗುಡ್ಡದ ಮೇಲಿದ್ದ ಬೋರ್ಡು, ಹೊಲದಲ್ಲಿದ್ದ ಗುಂಡು

ಇಂಗ್ಲೆಂಡಿನ ಲೆಸ್ಟರ್‌ಷೈರ್‌ನಲ್ಲಿ ಆಂಬಿಯನ್ ಹಿಲ್ ಅಂತ ಒಂದು ಗುಡ್ಡ ಇದೆ. ಗುಡ್ಡ ಅನ್ನುವುದಕ್ಕಿಂತ ದಿಬ್ಬ ಅಂದರೆ ಸರಿ. 1485ರ ಬಾಸ್ವರ್ತ್ ಕದನ ನಡೆದದ್ದು ಇಲ್ಲೇ ಅಂತ 1974ರಲ್ಲಿ ಅಲ್ಲಿನ ಕೌಂಟಿ ಕೌನ್ಸಿಲ್ ಈ ದಿಬ್ಬದ ಮೇಲೆ ಒಂದು ಪ್ರವಾಸಿ ಕೇಂದ್ರ ತೆರೆಯಿತು. ಬಾವುಟ ನೆಟ್ಟರು, ಬೋರ್ಡು ಹಾಕಿದರು, ನಡೆದು ನೋಡುವವರಿಗೆ ಕಾಲುದಾರಿ ಮಾಡಿಕೊಟ್ಟರು. ರಾಜ ಮೂರನೇ ರಿಚರ್ಡ್‌ನ ಸೈನ್ಯ ಇಲ್ಲಿ ನಿಂತಿತ್ತು, ಹೆನ್ರಿ ಟ್ಯೂಡರ್ ಆ ಕಡೆಯಿಂದ ಬಂದ, ರಾಜ ಬಿದ್ದದ್ದು ಇಗೋ ಇಲ್ಲಿ ಎಂದು ಬೋರ್ಡುಗಳು ಹೇಳುತ್ತಿದ್ದವು. ಶಾಲೆ ಮಕ್ಕಳು ಬಸ್ಸಿನಲ್ಲಿ ಬಂದು ನೋಡಿ ಹೋದರು. ಪ್ರತಿ ಆಗಸ್ಟ್‌ನಲ್ಲಿ ರಕ್ಷಾಕವಚ ತೊಟ್ಟವರು ಅಲ್ಲಿ ಯುದ್ಧದ ಪ್ರದರ್ಶನ ಕೊಟ್ಟರು.

2010ರ ಹೊತ್ತಿಗೆ ಗೊತ್ತಾಯಿತು, ಜಾಗವೇ ಬೇರೆ. ನಿಜವಾದ ಕದನ ನಡೆದದ್ದು ಅಲ್ಲಿಂದ ಸುಮಾರು 3 ಕಿಲೋಮೀಟರ್ ಆಚೆ, ನೈಋತ್ಯ ದಿಕ್ಕಿನ ಹೊಲಗಳಲ್ಲಿ. ಅಲ್ಲಿ ಬಾವುಟವೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಒಂದು ಟಾರು ರಸ್ತೆ, ಆಚೀಚೆ ಉಳುಮೆ ಮಾಡಿದ ಮಣ್ಣು, ಬದುವಿನ ಪೊದೆಗಳು, ಅಷ್ಟೇ.

ಇಂಗ್ಲೆಂಡಿನ ಇತಿಹಾಸದಲ್ಲಿ ಇಷ್ಟು ಹೆಸರಾದ ಕದನಗಳು ಕಡಿಮೆ. ಒಂದು ರಾಜವಂಶ ಮುಗಿದು ಇನ್ನೊಂದು ಶುರುವಾದದ್ದು ಇಲ್ಲೇ. ಅಂಥ ಜಾಗ ಐನೂರು ವರ್ಷದಲ್ಲಿ ಹೇಗೆ ಕೈತಪ್ಪಿತು, ಮತ್ತೆ ಹೇಗೆ ಸಿಕ್ಕಿತು, ಸಿಕ್ಕಮೇಲೆ ಅದಕ್ಕೆ ಏನಾಯಿತು ಅನ್ನುವುದು ಕದನದಷ್ಟೇ ದೊಡ್ಡ ಕಥೆ.

ಒಂದೇ ಮನೆತನದ ಜಗಳ

ಮೊದಲು ಜಗಳ ಯಾವುದು ಅಂತ ನೋಡೋಣ. ಹದಿನೈದನೇ ಶತಮಾನದ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕಾಗಿ ಒಂದೇ ಮನೆತನದ ಎರಡು ಕವಲುಗಳು ಹೊಡೆದಾಡಿದವು. ಒಂದು ಲ್ಯಾಂಕಾಸ್ಟರ್, ಇನ್ನೊಂದು ಯಾರ್ಕ್. ಎರಡೂ ಪ್ಲಾಂಟಾಜೆನೆಟ್ ವಂಶದವೇ. ದಾಯಾದಿ ಕಲಹ ಅಂದರೆ ನಮಗೆ ಬೇರೆ ವಿವರಣೆ ಬೇಡ ಅಲ್ವಾ. 1455ರಲ್ಲಿ ಸೇಂಟ್ ಆಲ್ಬನ್ಸ್ ಊರಿನ ಬೀದಿಗಳಲ್ಲಿ ಶುರುವಾದ ಈ ಅಂತರ್ಯುದ್ಧ ಮೂವತ್ತು ವರ್ಷ ಬಿಟ್ಟು ಬಿಟ್ಟು ನಡೆಯಿತು. ಇದಕ್ಕೆ ಗುಲಾಬಿಗಳ ಯುದ್ಧ ಎನ್ನುವ ಹೆಸರು ಅಂಟಿದ್ದು ತುಂಬಾ ತಡವಾಗಿ.

ಯಾರ್ಕ್ ಕಡೆಯ ನಾಲ್ಕನೇ ಎಡ್ವರ್ಡ್ 1483ರ ಏಪ್ರಿಲ್‌ನಲ್ಲಿ ತೀರಿಕೊಂಡ. ಅವನ ದೊಡ್ಡ ಮಗನಿಗೆ ಆಗ ಹನ್ನೆರಡು ವರ್ಷ. ಪಟ್ಟ ಆ ಹುಡುಗನಿಗೆ ಸಿಗಬೇಕಿತ್ತು. ಆದರೆ ಚಿಕ್ಕಪ್ಪ ರಿಚರ್ಡ್, ಅಣ್ಣನ ಮದುವೆಯೇ ಸಿಂಧುವಲ್ಲ, ಹಾಗಾಗಿ ಮಕ್ಕಳಿಗೆ ಹಕ್ಕಿಲ್ಲ ಎಂದು ವಾದ ಹೂಡಿಸಿ ತಾನೇ ರಾಜನಾದ. ಜುಲೈ 6ರಂದು ಕಿರೀಟ ಧರಿಸಿದ. ಹುಡುಗ ಮತ್ತು ಅವನ ತಮ್ಮ ಲಂಡನ್ ಟವರ್‌ನಲ್ಲಿದ್ದರು. ಆ ಬೇಸಿಗೆ ಕಳೆದ ಮೇಲೆ ಅವರನ್ನು ಕಂಡವರಿಲ್ಲ. ಆ ಮಕ್ಕಳ ವಿಷಯದಲ್ಲಿ ಇವತ್ತಿಗೂ ವಾದ ನಡೆಯುತ್ತಿದೆ. ಆದರೆ ಆಗಿನ ಜನ ಏನು ನಂಬಿದರು ಅನ್ನುವುದೇ ರಿಚರ್ಡ್‌ನ ಬುಡ ಅಲ್ಲಾಡಿಸಿತು. ಅದೇ ವರ್ಷ ಒಂದು ದಂಗೆ ಎದ್ದಿತು. 1484ರಲ್ಲಿ ಮದುವೆಯಾದ ಹೆಂಡತಿಯಲ್ಲಿ ಹುಟ್ಟಿದ ಅವನ ಒಬ್ಬನೇ ಮಗ ಸತ್ತ. 1485ರ ಮಾರ್ಚ್‌ನಲ್ಲಿ ಹೆಂಡತಿ ಸತ್ತಳು. ಮುಂದೆ ಪಟ್ಟಕ್ಕೆ ಬರಲು ಹಕ್ಕಿರುವ ಮಗನೇ ಅವನಿಗೆ ಇಲ್ಲದಂತಾಯಿತು.

ಇತ್ತ ಲ್ಯಾಂಕಾಸ್ಟರ್ ಕಡೆ ಉಳಿದವನು ಹೆನ್ರಿ ಟ್ಯೂಡರ್. ಅವನ ಹಕ್ಕು ತಾಯಿಯ ಕಡೆಯಿಂದ ಬಂದದ್ದು, ಅದೂ ಸಪೂರ. ಹದಿನಾಲ್ಕು ವರ್ಷ ಬ್ರಿಟನಿ ಮತ್ತು ಫ್ರಾನ್ಸ್‌ನಲ್ಲಿ ತಲೆಮರೆಸಿಕೊಂಡಿದ್ದವನು 1485ರ ಆಗಸ್ಟ್ 7ರಂದು ವೇಲ್ಸ್‌ನ ಮಿಲ್ ಬೇ ಕಡಲತೀರದಲ್ಲಿ ಇಳಿದ. ಜೊತೆಗೆ ಫ್ರಾನ್ಸ್‌ನ ಬಾಡಿಗೆ ಸೈನಿಕರಿದ್ದರು. ದಾರಿಯುದ್ದಕ್ಕೂ ಜನ ಸೇರಿಸಿಕೊಳ್ಳುತ್ತಾ ಮಧ್ಯ ಇಂಗ್ಲೆಂಡಿಗೆ ಬಂದ. ರಿಚರ್ಡ್ ಲೆಸ್ಟರ್‌ನಿಂದ ಎದುರು ಹೊರಟ.

ಆಗಸ್ಟ್ 22ರ ಬೆಳಿಗ್ಗೆ ಎರಡು ಸೈನ್ಯಗಳು ಎದುರಾದವು. ರಿಚರ್ಡ್ ಕಡೆ ಜನ ಜಾಸ್ತಿ, ಫಿರಂಗಿಗಳೂ ಇದ್ದವು. ಆದರೆ ಬಯಲಲ್ಲಿ ಮೂರನೇ ಸೈನ್ಯವೂ ಇತ್ತು. ಅದು ಸ್ಟ್ಯಾನ್ಲಿ ಸೋದರರದ್ದು. ಅವರು ಯಾರ ಕಡೆ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ದೊಡ್ಡವನಾದ ಥಾಮಸ್ ಸ್ಟ್ಯಾನ್ಲಿ ಹೆನ್ರಿಯ ತಾಯಿಯನ್ನು ಮದುವೆಯಾಗಿದ್ದ, ಆದರೆ ಅವನ ಮಗ ರಾಜ ರಿಚರ್ಡ್‌ನ ಕೈಯಲ್ಲಿ ಒತ್ತೆಯಾಳಾಗಿದ್ದ. ಹಾಗಾಗಿ ಅವನು ಕಾದು ನೋಡುತ್ತಾ ನಿಂತ.

ರಿಚರ್ಡ್‌ನ ಮುಂಪಡೆಯ ನಾಯಕ ನಾರ್ಫೋಕ್ ಡ್ಯೂಕ್ ಕಾಳಗದಲ್ಲಿ ಸತ್ತ. ಹಿಂಪಡೆಯಲ್ಲಿದ್ದ ನಾರ್ಥಂಬರ್‌ಲ್ಯಾಂಡ್ ಅರ್ಲ್ ಮುಂದೆ ಬರಲೇ ಇಲ್ಲ. ಅಷ್ಟರಲ್ಲಿ ಹೆನ್ರಿ ಸ್ವಲ್ಪವೇ ಜನರ ಜೊತೆ ದೂರದಲ್ಲಿ ನಿಂತದ್ದು ರಿಚರ್ಡ್ ಕಣ್ಣಿಗೆ ಬಿತ್ತು. ತನ್ನ ಆಪ್ತ ಸವಾರರನ್ನು ಕಟ್ಟಿಕೊಂಡು ನೇರ ಅವನ ಮೇಲೇ ನುಗ್ಗಿದ. ಹೆನ್ರಿಯ ಧ್ವಜ ಹಿಡಿದಿದ್ದ ವಿಲಿಯಂ ಬ್ರ್ಯಾಂಡನ್‌ನನ್ನು ಕೊಂದ. ಹೆನ್ರಿ ಇನ್ನೇನು ಕೈಗೆಟುಕುವಷ್ಟು ಹತ್ತಿರ ಇದ್ದಾಗ ಚಿಕ್ಕ ಸ್ಟ್ಯಾನ್ಲಿ, ಅಂದರೆ ವಿಲಿಯಂ, ತನ್ನ ಜನರೊಂದಿಗೆ ಹೆನ್ರಿ ಪರವಾಗಿ ಬಂದು ಬಿದ್ದ. ರಿಚರ್ಡ್ ಅಲ್ಲೇ ಸತ್ತ. ಅವನಿಗೆ 32 ವರ್ಷ. ರಣರಂಗದಲ್ಲಿ ಸತ್ತ ಇಂಗ್ಲೆಂಡಿನ ಕೊನೆಯ ರಾಜ ಅವನು. ಅವನ ವೈರಿಗಳು ಬರೆದ ಚರಿತ್ರೆಗಳೂ ಅವನ ಧೈರ್ಯವನ್ನು ಮಾತ್ರ ಅಲ್ಲಗಳೆದಿಲ್ಲ. ಗೆದ್ದ ಹೆನ್ರಿ ಏಳನೇ ಹೆನ್ರಿ ಎಂಬ ಹೆಸರಿನಲ್ಲಿ ರಾಜನಾದ, ಟ್ಯೂಡರ್ ವಂಶದ ಆಳ್ವಿಕೆ ಶುರುವಾಯಿತು.

ಗುಲಾಬಿಗಳ ಯುದ್ಧದ ಕೊನೆಯ ಕದನ ಇದೇ ಅಂತ ತುಂಬಾ ಕಡೆ ಬರೆದಿರುತ್ತಾರೆ. ಅಲ್ಲ. 1487ರಲ್ಲಿ ಸ್ಟೋಕ್ ಫೀಲ್ಡ್‌ನಲ್ಲಿ ಇನ್ನೊಂದು ದೊಡ್ಡ ಕಾಳಗ ನಡೆಯಿತು. ಅದರ ಮಾತು ಈಗ ಬೇಡ.

ಜಾಗ ಕೈತಪ್ಪಿದ್ದು ಹೇಗೆ

ಕದನದ ಮರುದಿನವೇ ಸುದ್ದಿ ಯಾರ್ಕ್ ನಗರಕ್ಕೆ ಮುಟ್ಟಿತು. ರಿಚರ್ಡ್ ಅಂದರೆ ಆ ಊರಿಗೆ ಪ್ರೀತಿ. ರಾಜನನ್ನು ದಾರುಣವಾಗಿ ಕೊಂದರು ಎಂದು ನಗರಸಭೆಯ ಕಡತದಲ್ಲಿ ಮರುಗಿ ಬರೆದುಕೊಂಡರು. ಗೆದ್ದವನು ಇನ್ನೂ ದಾರಿಯಲ್ಲಿದ್ದಾಗಲೇ ಹೀಗೆ ಬರೆಯುವುದಕ್ಕೆ ಗುಂಡಿಗೆ ಬೇಕು. ಆ ಕಡತದಲ್ಲಿ ಕದನದ ಜಾಗವನ್ನು ರೆಡ್‌ಮೋರ್ ಎಂದು ಕರೆದಿದ್ದಾರೆ. ಬಾಸ್ವರ್ತ್ ಎನ್ನುವ ಹೆಸರು ಅಲ್ಲಿಲ್ಲ. ಅದು ನಂತರ ಬಂದದ್ದು. ಮಾರ್ಕೆಟ್ ಬಾಸ್ವರ್ತ್ ಆ ಸುತ್ತಿನಲ್ಲಿ ಸಂತೆ ಸೇರುವ ದೊಡ್ಡ ಊರು. ಹೊರಗಿನವರಿಗೆ ಗೊತ್ತಿದ್ದ ಹೆಸರು ಅದೊಂದೇ, ಅದೇ ಬಳಕೆಗೆ ಬಂತು. ರೆಡ್‌ಮೋರ್ ಹೆಸರು ಜನರ ಬಾಯಿಂದ ಮರೆಯಾಯಿತು.

ಜಾಗದ ಬಗ್ಗೆ ಹಳೆಯ ಬರಹಗಳಲ್ಲಿ ಒಂದು ಗಟ್ಟಿ ಸುಳಿವು ಮಾತ್ರ ಇತ್ತು. ಹೆನ್ರಿಯ ಆಸ್ಥಾನದಲ್ಲಿದ್ದ ಇಟಲಿಯ ಪೊಲಿಡೋರ್ ವರ್ಜಿಲ್, ಕದನದಲ್ಲಿದ್ದವರನ್ನು ಕೇಳಿ ಬರೆದಂತಿದೆ. ಎರಡೂ ಸೈನ್ಯಗಳ ನಡುವೆ ಜೌಗು ನೆಲ ಇತ್ತು, ಹೆನ್ರಿಯ ಕಡೆಯವರು ಅದನ್ನು ಬಲಕ್ಕೆ ಇಟ್ಟುಕೊಂಡು ಮುಂದುವರಿದರು ಎನ್ನುತ್ತಾನೆ. ಆ ಜೌಗು ಎಲ್ಲಿತ್ತು ಅನ್ನುವುದೇ ಮುಂದೆ ಎಲ್ಲರ ತಲೆ ತಿಂದ ಪ್ರಶ್ನೆ.

1622ರಲ್ಲಿ ವಿಲಿಯಂ ಬರ್ಟನ್ ಲೆಸ್ಟರ್‌ಷೈರ್ ಬಗ್ಗೆ ಒಂದು ಪುಸ್ತಕ ಹೊರತಂದ. ಅವನು ಆ ಪಕ್ಕದ ಲಿಂಡ್ಲಿ ಊರಿನವನೇ. ಕದನ ನಡೆದದ್ದು ಬಾಸ್ವರ್ತ್‌ನಲ್ಲಲ್ಲ, ಅಲ್ಲಿಂದ ಮೂರು ಮೈಲಿ ದೂರದಲ್ಲಿ, ಶೆಂಟನ್, ಸಟನ್, ಡ್ಯಾಡ್ಲಿಂಗ್‌ಟನ್, ಸ್ಟೋಕ್ ಊರುಗಳ ನಡುವಿನ ಅಗಲವಾದ ಸಮತಟ್ಟು ಬಯಲಲ್ಲಿ ಅಂತ ಸ್ಪಷ್ಟವಾಗಿ ಬರೆದ. ಆ ಹೊಲಗಳಲ್ಲಿ ರಕ್ಷಾಕವಚ, ಆಯುಧ, ಬಾಣದ ಮೊನೆಗಳು ಸಿಕ್ಕದ್ದನ್ನೂ ಹೇಳಿದ. ನೋಡಿ, ಊರಿನ ಮನುಷ್ಯ ಹೇಳಿದ ಮಾತು. ಸಮತಟ್ಟು ಬಯಲು ಅಂತ ಅಷ್ಟು ಖಚಿತವಾಗಿ ಹೇಳಿದ್ದರೂ ಮುಂದಿನವರು ಅದನ್ನು ಪಕ್ಕಕ್ಕಿಟ್ಟು ಗುಡ್ಡ ಹತ್ತಿದರು.

ಗುಡ್ಡ ಹತ್ತಿಸಿದವರು ಬರ್ಮಿಂಗ್‌ಹ್ಯಾಮ್‌ನ ಪುಸ್ತಕ ವ್ಯಾಪಾರಿ ವಿಲಿಯಂ ಹಟನ್. ಜಾಗಕ್ಕೆ ಹೋಗಿ, ಊರವರನ್ನು ಮಾತಾಡಿಸಿ, 1788ರಲ್ಲಿ ಕದನದ ಬಗ್ಗೆ ಪುಸ್ತಕ ತಂದರು. ಶ್ರದ್ಧೆಯಿಂದಲೇ ಮಾಡಿದ ಕೆಲಸ. ಆದರೆ ರಿಚರ್ಡ್‌ನ ಸೈನ್ಯವನ್ನು ಆಂಬಿಯನ್ ದಿಬ್ಬದ ಮೇಲೆ ಕೂರಿಸಿದರು. ಎತ್ತರದಲ್ಲಿ ಸೈನ್ಯ ನಿಲ್ಲುವುದು ಓದುವವರಿಗೂ ಸಹಜ ಅನ್ನಿಸಿತು. 1813ರಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಪಾರ್ ಎನ್ನುವ ವಿದ್ವಾಂಸರು ಅದೇ ದಿಬ್ಬದ ಒಂದು ನೀರಿನ ಬುಗ್ಗೆಯ ಮೇಲೆ ಕಲ್ಲಿನ ಗೂಡು ಕಟ್ಟಿಸಿದರು. ಕದನದ ಹೊತ್ತಿನಲ್ಲಿ ರಿಚರ್ಡ್ ಇಲ್ಲಿ ನೀರು ಕುಡಿದ ಅಂತ ಲ್ಯಾಟಿನ್‌ನಲ್ಲಿ ಬರೆಸಿದರು. ಅಲ್ಲಿಗೆ ಮುಗಿಯಿತು. ಕಲ್ಲಿನ ಮೇಲೆ ಕೆತ್ತಿದ ಮಾತನ್ನು ಯಾರು ಪ್ರಶ್ನಿಸುತ್ತಾರೆ? ನಕ್ಷೆಗಳಲ್ಲಿ ಕತ್ತಿಯ ಗುರುತು ಆಂಬಿಯನ್ ಪಕ್ಕಕ್ಕೆ ಬಂತು. ಪಠ್ಯಪುಸ್ತಕ ನಕ್ಷೆಯನ್ನು ನಂಬಿತು, ಕೌನ್ಸಿಲ್ ಪಠ್ಯಪುಸ್ತಕವನ್ನು ನಂಬಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಕೌನ್ಸಿಲ್‌ನವರನ್ನು ಸುಮ್ನೆ ದೂರುವುದು ನ್ಯಾಯವಲ್ಲ. 1974ರಲ್ಲಿ ಅಂತರ್ಯುದ್ಧದ ಒಂದು ರಣರಂಗಕ್ಕೆ ಪ್ರವಾಸಿ ಕೇಂದ್ರ ಕಟ್ಟಬೇಕು ಎಂದು ಯೋಚಿಸಿದ್ದೇ ದೊಡ್ಡದು. ಆ ಕೇಂದ್ರ ಇದ್ದದ್ದರಿಂದಲೇ ಕದನದ ಬಗ್ಗೆ ಜನರ ಆಸಕ್ತಿ ಉಳಿಯಿತು. ಆ ಆಸಕ್ತಿ ಇದ್ದದ್ದರಿಂದಲೇ ಮುಂದೆ ಹುಡುಕಾಟಕ್ಕೆ ದುಡ್ಡು ಸಿಕ್ಕಿತು.

ಐನೂರನೇ ವರ್ಷದ ತಕರಾರು

1985ಕ್ಕೆ ಕದನಕ್ಕೆ ಐನೂರು ವರ್ಷ. ಆಂಬಿಯನ್‌ನಲ್ಲಿ ಸಮಾರಂಭ. ಅದೇ ವರ್ಷ ಇತಿಹಾಸಕಾರ ಕಾಲಿನ್ ರಿಚ್ಮಂಡ್ ಒಂದು ಪತ್ರಿಕೆಯಲ್ಲಿ, ನೀವು ತಪ್ಪು ಜಾಗದಲ್ಲಿ ಹಬ್ಬ ಮಾಡುತ್ತಿದ್ದೀರಿ ಎಂಬರ್ಥದ ಲೇಖನ ಬರೆದರು. ಅವರ ಕೈಯಲ್ಲಿದ್ದದ್ದು 1511ರ ಒಂದು ದಾಖಲೆ. ಕದನದಲ್ಲಿ ಸತ್ತವರ ಆತ್ಮಶಾಂತಿಗಾಗಿ ಡ್ಯಾಡ್ಲಿಂಗ್‌ಟನ್ ಊರಿನ ಸೇಂಟ್ ಜೇಮ್ಸ್ ಚಾಪೆಲ್‌ನಲ್ಲಿ ಪ್ರಾರ್ಥನೆ ನಡೆಸಲು ದೇಣಿಗೆ ಎತ್ತಬಹುದು ಎಂದು ಹೆನ್ರಿ ಟ್ಯೂಡರ್‌ನ ಮಗ ಎಂಟನೇ ಹೆನ್ರಿ ಕೊಟ್ಟ ಅನುಮತಿ ಅದು. ಸತ್ತವರ ದೇಹಗಳನ್ನು ತಂದು ಹೂತದ್ದು ಈ ಚಾಪೆಲ್‌ಗೆ ಎಂಬ ಮಾತು ಅದರಲ್ಲಿದೆ. ಕದನ ನಡೆದು ಆಗಿನ್ನೂ ಇಪ್ಪತ್ತಾರು ವರ್ಷ. ಹೆಣ ಹೊತ್ತವರಲ್ಲಿ ಎಷ್ಟೋ ಜನ ಬದುಕಿದ್ದರು. ಆಂಬಿಯನ್‌ನಲ್ಲಿ ಸತ್ತವರನ್ನು ಹತ್ತಿರದ ಸಟನ್ ಚೆನಿ ಚರ್ಚು ಬಿಟ್ಟು ಡ್ಯಾಡ್ಲಿಂಗ್‌ಟನ್‌ಗೆ ಯಾಕೆ ಹೊರುತ್ತಾರೆ?

ಆ ಭಾಗದ ನೆಲ ಚೆನ್ನಾಗಿ ಬಲ್ಲ ಪೀಟರ್ ಫಾಸ್ ಇನ್ನೊಂದು ಕಡೆಯಿಂದ ಹಿಡಿದರು. ಹಳೆಯ ಜಮೀನು ದಾಖಲೆಗಳನ್ನು ಜಾಲಾಡಿದರು. ಹದಿಮೂರನೇ ಶತಮಾನದ ಒಂದು ಪತ್ರದಲ್ಲಿ ರೆಡ್‌ಮೋರ್ ಎಂಬ ತುಂಡು ಜಮೀನು ಡ್ಯಾಡ್ಲಿಂಗ್‌ಟನ್ ಹೊಲಗಳ ನಡುವೆ ಬಂದಿತ್ತು. ಅಂದರೆ ಯಾರ್ಕ್‌ನವರು ಬರೆದಿಟ್ಟ ಹೆಸರು ಗುಡ್ಡದ್ದಲ್ಲ, ಕೆಳಗಿನ ಬಯಲಿನದ್ದು.

2002ರಲ್ಲಿ ಮೈಕಲ್ ಜೋನ್ಸ್ ಎನ್ನುವ ಇತಿಹಾಸಕಾರರು ಕದನವನ್ನು ಇನ್ನೂ ಪಶ್ಚಿಮಕ್ಕೆ, ಆಥರ್‌ಸ್ಟೋನ್ ಹತ್ತಿರಕ್ಕೆ ಒಯ್ದರು. ಅವರ ಆಧಾರವೂ ಕಡೆಗಣಿಸುವಂಥದ್ದಲ್ಲ. ಗೆದ್ದ ಮೇಲೆ ಹೆನ್ರಿ ಮೆರ್ವೇಲ್ ಮಠಕ್ಕೂ ಆಥರ್‌ಸ್ಟೋನ್, ವಿದರ್ಲಿ, ಮ್ಯಾನ್ಸೆಟರ್ ಮೊದಲಾದ ಊರುಗಳಿಗೂ ಬೆಳೆ ಹಾಳಾದದ್ದಕ್ಕೆ ಪರಿಹಾರ ಕೊಟ್ಟ. ಕದನ ಅಲ್ಲೇ ಆಗಿರದಿದ್ದರೆ ಪರಿಹಾರ ಯಾಕೆ ಎಂಬುದು ಜೋನ್ಸ್ ಕೇಳಿದ ಪ್ರಶ್ನೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಆಗಸ್ಟ್ ಅಂದರೆ ಅಲ್ಲಿ ಕೊಯ್ಲಿನ ಕಾಲ. ಸಾವಿರಾರು ಜನ ಮತ್ತು ಕುದುರೆಗಳು ಒಂದು ರಾತ್ರಿ ಬಿಡಾರ ಹೂಡಿದರೆ ಸಾಕು, ನಿಂತ ಬೆಳೆ ಮಣ್ಣುಪಾಲು. ಆ ಪಟ್ಟಿ ಹೆನ್ರಿಯ ಸೈನ್ಯ ಬಂದ ದಾರಿಯನ್ನು ತೋರಿಸುತ್ತದೆ. ಕದನದ ಜಾಗ ತೋರಿಸಲೇಬೇಕು ಅಂತೇನಿಲ್ಲ.

ಹೀಗೆ ಒಂದೇ ಕದನಕ್ಕೆ ಹಲವು ಜಾಗಗಳಾದವು. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಕಾಗದ ಇತ್ತು. ಯಾರ ಹತ್ತಿರವೂ ಕದನದ ವಸ್ತು ಇರಲಿಲ್ಲ.

ನೆಲ ಕೊಟ್ಟ ಸಾಕ್ಷಿ

2005ರಲ್ಲಿ, ರಾಷ್ಟ್ರೀಯ ಲಾಟರಿಯಿಂದ ಪರಂಪರೆಯ ಕೆಲಸಕ್ಕೆ ಸಿಗುವ ನಿಧಿಯ ಹಣದಲ್ಲಿ, ಹಳೆಯ ರಣರಂಗಗಳನ್ನು ಕಾಪಾಡಲು ಇರುವ ಬ್ಯಾಟಲ್‌ಫೀಲ್ಡ್ಸ್ ಟ್ರಸ್ಟ್ ಮತ್ತು ಕೌಂಟಿ ಕೌನ್ಸಿಲ್ ಸೇರಿ ಸಮೀಕ್ಷೆ ಶುರು ಮಾಡಿದವು. ಮುಂದಾಳು ಪುರಾತತ್ವಜ್ಞ ಗ್ಲೆನ್ ಫೋರ್ಡ್. ಕೆಲಸ ಎರಡು ಬಗೆಯದು. ಮಣ್ಣು ತೆಗೆದು ಪರೀಕ್ಷಿಸಿ, 1485ರಲ್ಲಿ ಜೌಗು ಎಲ್ಲಿತ್ತು ಎಂದು ಹುಡುಕುವುದು ಒಂದು. ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳನ್ನು ಸಾಲು ಸಾಲಾಗಿ ಜಾಲಾಡುವುದು ಇನ್ನೊಂದು.

ಮೊದಲ ಅನುಮಾನದ ಜಾಗಗಳಲ್ಲಿ ಏನೂ ಸಿಗಲಿಲ್ಲ. ಆಂಬಿಯನ್ ಬುಡದಲ್ಲಿ ಜೌಗಿನ ಗುರುತಿಲ್ಲ. ಅವಧಿ ಮುಗಿಯುತ್ತಾ ಬಂತು. ಮಧ್ಯಯುಗದ ಕದನದಲ್ಲಿ ಕಬ್ಬಿಣವೇ ಜಾಸ್ತಿ. ಬಾಣದ ಮೊನೆ ಮಣ್ಣಿನಲ್ಲಿ ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಸತ್ತವರ ಮೈಮೇಲಿನ ಬೆಲೆಬಾಳುವ ವಸ್ತುಗಳನ್ನು ಅವತ್ತೇ ಕಿತ್ತುಕೊಂಡಿರುತ್ತಾರೆ. ಉಳಿಯುವುದು ಮಣ್ಣಿನಲ್ಲಿ ಹೂತುಹೋಗಿ ಯಾರ ಕಣ್ಣಿಗೂ ಬೀಳದೆ ಇದ್ದದ್ದು ಮಾತ್ರ.

2009ರ ಮಾರ್ಚ್‌ನಲ್ಲಿ ಫೆನ್ ಲೇನ್ಸ್ ರಸ್ತೆಯ ಬಳಿ ಒಂದು ಸೀಸದ ಗುಂಡು ಸಿಕ್ಕಿತು. ಈ ರಸ್ತೆ ರೋಮನ್ನರು ಹಾಕಿದ್ದು, ಹೆನ್ರಿ ಪಶ್ಚಿಮದಿಂದ ಬಂದದ್ದು ಇದೇ ದಾರಿಯಲ್ಲಿ. ಹಿಂದೆಯೇ ಇನ್ನೊಂದು ಗುಂಡು, ಮತ್ತೊಂದು. ಕೊನೆಗೆ ಒಟ್ಟು 34. ಕೆಲವು ಗೋಲಿಯಷ್ಟು ಚಿಕ್ಕವು, ಕೆಲವು ದಪ್ಪ ಮೂಸಂಬಿಯಷ್ಟು. ಯುರೋಪಿನ ಯಾವ ಮಧ್ಯಯುಗದ ರಣರಂಗದಲ್ಲೂ ಅಲ್ಲಿಯವರೆಗೆ ಇಷ್ಟೊಂದು ಸೀಸದ ಗುಂಡು ಸಿಕ್ಕಿರಲಿಲ್ಲ. ಬಾಸ್ವರ್ತ್ ಅಂದರೆ ಕತ್ತಿ, ಈಟಿ, ಕುದುರೆ ಎಂದುಕೊಂಡಿದ್ದವರಿಗೆ ಅಲ್ಲಿ ಫಿರಂಗಿ ಮತ್ತು ಕೈಬಂದೂಕು ಎಷ್ಟು ಕೆಲಸ ಮಾಡಿವೆ ಎಂದು ಆಗ ತಿಳಿಯಿತು. ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ ಹೊರಡಿಸಿದ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಕಡಲಾಚೆಯಿಂದ ಯಾರೋ ಅವನ್ನು ಸೊಂಟದಲ್ಲಿ ಕಟ್ಟಿಕೊಂಡು ಬಂದು ಕಳೆದುಕೊಂಡಿರಬೇಕು.

ಗುಂಡುಗಳಿಂದ ಕದನ ಇಲ್ಲಿ ಅಂತ ಗೊತ್ತಾಯಿತು. ರಾಜ ಎಲ್ಲಿ ಬಿದ್ದ ಎನ್ನುವುದಕ್ಕೆ ಸುಳಿವು ಕೊಟ್ಟದ್ದು ಒಂದು ಚಿಕ್ಕ ಹಂದಿ.

ಬಿಳಿ ಕಾಡುಹಂದಿ ರಿಚರ್ಡ್‌ನ ಲಾಂಛನ. ಅವನ ಕಡೆಯವರೆಲ್ಲಾ ಅದನ್ನು ಬಟ್ಟೆಯ ಮೇಲೆ ಧರಿಸುತ್ತಿದ್ದರು. 1483ರಲ್ಲಿ ಮಗನ ಯುವರಾಜ ಪಟ್ಟದ ಉತ್ಸವಕ್ಕೆ ಅಂತ ಬಟ್ಟೆಯಲ್ಲಿ ಮಾಡಿದ 13,000 ಹಂದಿ ಬ್ಯಾಡ್ಜ್‌ಗಳಿಗೆ ಆರ್ಡರ್ ಕೊಟ್ಟಿದ್ದ. ಸಾಮಾನ್ಯ ಜನಕ್ಕೆ ಬಟ್ಟೆಯದ್ದು, ಸೀಸದ್ದು. ಆದರೆ ಈ ಹೊಲದಲ್ಲಿ ಸಿಕ್ಕದ್ದು ಬೆಳ್ಳಿಯದ್ದು, ಮೇಲೆ ಚಿನ್ನದ ನೀರು ಕುಡಿಸಿದ್ದು. ಹೆಬ್ಬೆರಳಿಗಿಂತ ದೊಡ್ಡದಿಲ್ಲ. ಬೆನ್ನಿನ ಮೇಲೆ ನಿಮಿರಿದ ಕೂದಲು, ಮುಂದಕ್ಕೆ ಚಾಚಿದ ಮೂತಿ, ಎಲ್ಲವೂ ಕಾಣುತ್ತದೆ. ಉಳುಮೆಯ ಮಣ್ಣಿನಲ್ಲಿ ಐನೂರು ವರ್ಷ ಉರುಳಾಡಿದ್ದಕ್ಕೆ ಸ್ವಲ್ಪ ಸವೆದಿದೆ, ಮುರಿದಿದೆ. ಇಂಥದ್ದನ್ನು ರಾಜ ಕೊಡುತ್ತಿದ್ದುದು ನೈಟ್ ದರ್ಜೆಯ ಆಪ್ತರಿಗೆ. ಅಂಥವನೊಬ್ಬ ಇಲ್ಲಿಯವರೆಗೆ ಬಂದಿದ್ದಾನೆ, ಇಲ್ಲೇ ಅದನ್ನು ಕಳೆದುಕೊಂಡಿದ್ದಾನೆ. ಸಿಕ್ಕ ಜಾಗ ಫೆನ್ ಹೋಲ್. ಮಣ್ಣು ಪರೀಕ್ಷೆಯಲ್ಲಿ ಹಳೆಯ ಜೌಗು ಗುರುತಾದ ಜಾಗದ ಅಂಚು ಅದು. ರಿಚರ್ಡ್ ಕೊನೆಯ ಬಾರಿ ನುಗ್ಗಿದಾಗ ಪಕ್ಕದಲ್ಲಿ ಇದ್ದವರು ಅವನ ಆಪ್ತ ಸವಾರರೇ. ಕುದುರೆ ಜೌಗಿನಲ್ಲಿ ಸಿಕ್ಕಿಕೊಂಡಿತು ಅಂತ ಹಳೆಯ ಬರಹಗಳು ಹೇಳುತ್ತವೆ. ಇವೆಲ್ಲಾ ಒಂದೇ ಕಡೆ ಬಂದು ಸೇರುತ್ತವೆ.

ಇದು ಪಕ್ಕಾ ರಾಜ ಸತ್ತ ಜಾಗ ಎಂದು ಫೋರ್ಡ್ ತಂಡ ಘೋಷಿಸಲಿಲ್ಲ. ಅದು ಅವರ ದೊಡ್ಡತನ. ನಾನು ಮಾತ್ರ, ಅದಕ್ಕಿಂತ ಒಳ್ಳೆಯ ಸುಳಿವು ನಮ್ಮ ಕಾಲದಲ್ಲಿ ಸಿಗುವುದು ಕಷ್ಟ ಎಂದು ನಂಬುತ್ತೇನೆ. ಆ ಹಂದಿ ಈಗ ಆಂಬಿಯನ್‌ನ ಕೇಂದ್ರದಲ್ಲಿ ಗಾಜಿನ ಹಿಂದೆ ಇದೆ.

ರಾಜನ ಮೂಳೆಗಳು

ಜಾಗದ ಕಥೆ ಹೀಗಾದರೆ ರಾಜನ ದೇಹದ ಕಥೆಯೂ ಹೆಚ್ಚು ಕಡಿಮೆ ಇದೇ ತರಹದ್ದು. ಕದನ ಮುಗಿದ ಮೇಲೆ ರಿಚರ್ಡ್‌ನ ದೇಹವನ್ನು ಬೆತ್ತಲೆಯಾಗಿ ಕುದುರೆಯ ಮೇಲೆ ಹಾಕಿ ಲೆಸ್ಟರ್‌ಗೆ ತಂದರು. ಸತ್ತದ್ದು ನಿಜ ಎಂದು ಜನ ನೋಡಲಿ ಅಂತ ಒಂದೆರಡು ದಿನ ಇಟ್ಟು, ಆಮೇಲೆ ಗ್ರೇಫ್ರೈಯರ್ಸ್ ಎಂಬ ಮಠದ ಚರ್ಚಿನಲ್ಲಿ ಹೂತರು. 1538ರಲ್ಲಿ ಮಠ ಮುಚ್ಚಿತು. ಕಟ್ಟಡ ಕೆಡವಿದರು. 1612ರಲ್ಲಿ ಆ ಜಾಗ ಲೆಸ್ಟರ್‌ನ ಮಾಜಿ ಮೇಯರ್ ರಾಬರ್ಟ್ ಹೆರಿಕ್‌ರ ತೋಟವಾಗಿತ್ತು. ಇಲ್ಲಿ ರಾಜ ರಿಚರ್ಡ್‌ನ ದೇಹ ಇದೆ ಎಂದು ಬರೆದ ಕಲ್ಲಿನ ಕಂಬ ಆ ತೋಟದಲ್ಲಿ ಇದ್ದದ್ದನ್ನು ನೋಡಿದವರು ಬರೆದಿಟ್ಟಿದ್ದಾರೆ.

ಹಾಗಿದ್ದೂ ಹೆಚ್ಚು ಹಬ್ಬಿದ್ದು ಬೇರೆ ಕಥೆ. ಮಠ ಒಡೆದಾಗ ಮೂಳೆಗಳನ್ನು ತೆಗೆದು ಬೋ ಸೇತುವೆಯಿಂದ ಸೋರ್ ನದಿಗೆ ಎಸೆದರಂತೆ ಎನ್ನುವ ಕಥೆ. 1856ರಲ್ಲಿ ಊರಿನ ಒಬ್ಬ ಕಟ್ಟಡ ಕಂಟ್ರಾಕ್ಟರ್ ಸೇತುವೆಯ ಹತ್ತಿರ ಅದನ್ನೇ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಇಲ್ಲೂ ಕಲ್ಲು ಗೆದ್ದಿತು, ತೋಟದ ಕಂಬ ಮರೆತುಹೋಯಿತು.

ರಾಜ ಮಠದ ಜಾಗದಲ್ಲೇ ಇದ್ದಾನೆ ಎಂದು ಹಠ ಹಿಡಿದು, ಹಣ ಹೊಂದಿಸಿ, ಅಗೆಯಲು ಒಪ್ಪಿಸಿದವರು ಫಿಲಿಪಾ ಲ್ಯಾಂಗ್ಲಿ. 2012ರ ಆಗಸ್ಟ್ 25ರಂದು ಲೆಸ್ಟರ್ ವಿಶ್ವವಿದ್ಯಾಲಯದ ತಂಡ, ನಗರದ ಮಧ್ಯದ ಒಂದು ಕಾರ್ ಪಾರ್ಕ್‌ನಲ್ಲಿ ಟಾರು ಕಿತ್ತು ಅಗೆಯಲು ಶುರು ಮಾಡಿತು. ಮೊದಲ ದಿನವೇ ಕಾಲಿನ ಮೂಳೆ ಕಂಡಿತು. ಪೂರ್ತಿ ಬಿಡಿಸಿದಾಗ ಬೆನ್ನುಮೂಳೆ ಎಸ್ ಅಕ್ಷರದಂತೆ ಬಾಗಿದ್ದ ಒಬ್ಬ ಯುವಕನ ಅಸ್ಥಿಪಂಜರ. ಒಂದು ಭುಜ ಇನ್ನೊಂದಕ್ಕಿಂತ ಎತ್ತರ ಎಂದು ಸಮಕಾಲೀನರು ಬರೆದದ್ದು ಸರಿಯಾಗಿತ್ತು. ಗೂನು ಬೆನ್ನು, ಒಣಗಿದ ಕೈ ಎಂದು ಟ್ಯೂಡರ್ ಕಾಲದವರು ಸೇರಿಸಿದ್ದು ಸುಳ್ಳಾಗಿತ್ತು. ಮೈಮೇಲೆ 11 ಗಾಯ. ಅದರಲ್ಲಿ 9 ತಲೆಗೆ. ಅಂದರೆ ಕೊನೆಯ ಗಳಿಗೆಯಲ್ಲಿ ಶಿರಸ್ತ್ರಾಣ ಇರಲಿಲ್ಲ. ತಲೆಬುರುಡೆಯ ಹಿಂಭಾಗದ ಬುಡದಲ್ಲಿ ದೊಡ್ಡ ತುಂಡೇ ಹಾರಿಹೋಗಿದೆ. ಸೊಂಟದ ಮೂಳೆಯ ಮೇಲಿನ ಗಾಯ ಕವಚ ಬಿಚ್ಚಿದ ಮೇಲೆ, ಹೆಣಕ್ಕೆ ಚುಚ್ಚಿದ್ದು. ಗುಂಡಿ ದೇಹದ ಉದ್ದಕ್ಕಿಂತ ಗಿಡ್ಡ. ತಲೆ ಎತ್ತಿ ಒರಗಿಸಿ ಮಣ್ಣು ಮುಚ್ಚಿದ್ದಾರೆ.

ರಿಚರ್ಡ್‌ನ ಅಕ್ಕ ಆನ್‌ಳ ಹೆಣ್ಣು ಸಂತತಿಯಲ್ಲಿ ಬಂದ ಮೈಕಲ್ ಇಬ್ಸನ್‌ರ ಡಿಎನ್‌ಎ ಹೊಂದಿತು. 2013ರ ಫೆಬ್ರುವರಿ 4ರಂದು ಇದು ಮೂರನೇ ರಿಚರ್ಡ್ ಎಂದು ಪ್ರಕಟಿಸಿದರು. 2015ರ ಮಾರ್ಚ್ 26ರಂದು ಲೆಸ್ಟರ್ ಕೆಥೀಡ್ರಲ್‌ನಲ್ಲಿ ಮತ್ತೆ ಮಣ್ಣು ಮಾಡಿದರು. ಅದಕ್ಕೂ ಮುಂಚೆ ಶವಪೆಟ್ಟಿಗೆಯನ್ನು ಫೆನ್ ಲೇನ್ಸ್, ಡ್ಯಾಡ್ಲಿಂಗ್‌ಟನ್, ಸಟನ್ ಚೆನಿ, ಮಾರ್ಕೆಟ್ ಬಾಸ್ವರ್ತ್ ಊರುಗಳ ಮೂಲಕ ಒಯ್ದರು. ರಸ್ತೆ ಬದಿಯಲ್ಲಿ ಜನ ಯಾರ್ಕ್ ಮನೆತನದ ಗುರುತಾದ ಬಿಳಿ ಗುಲಾಬಿ ಹಿಡಿದು ನಿಂತಿದ್ದರು.

ಇವತ್ತು ಹೋದರೆ ಕಾಣುವುದು

ಆಂಬಿಯನ್ ಕೇಂದ್ರ ಅಲ್ಲೇ ಇದೆ. ಮುಚ್ಚಲಿಲ್ಲ, ಬೋರ್ಡುಗಳನ್ನು ತಿದ್ದಿದರು. ಶೆಂಟನ್ ಹತ್ತಿರ ರಾಜ ಸತ್ತ ಜಾಗ ಎಂದು ನಿಲ್ಲಿಸಿದ್ದ ಕಲ್ಲನ್ನು ಕಿತ್ತು ಕೇಂದ್ರದ ಅಂಗಳಕ್ಕೆ ತಂದರು. ದಿಬ್ಬದ ಮೇಲಿಂದ ನಿಜವಾದ ಬಯಲಿನ ಕಡೆ ನೋಡಬಹುದು. ಪಾರ್ ಕಟ್ಟಿಸಿದ ಬುಗ್ಗೆಯ ಗೂಡೂ ಹಾಗೇ ಇದೆ. ಅದನ್ನು ಕೆಡವಬೇಕಿಲ್ಲ. ಇನ್ನೂರು ವರ್ಷದ ಹಿಂದಿನವರು ಈ ಕದನವನ್ನು ಹೇಗೆ ನೆನೆಯುತ್ತಿದ್ದರು ಎನ್ನುವುದಕ್ಕೆ ಅದು ಸಾಕ್ಷಿ.

ಸಟನ್ ಚೆನಿಯ ಸೇಂಟ್ ಜೇಮ್ಸ್ ಚರ್ಚಿನಲ್ಲಿ ರಿಚರ್ಡ್ ಕೊನೆಯ ಪ್ರಾರ್ಥನೆ ಮಾಡಿದ ಅಂತ ಊರವರ ನಂಬಿಕೆ. ದಾಖಲೆ ಇಲ್ಲ. ಆದರೂ ಪ್ರತಿ ವರ್ಷ ಅಲ್ಲಿ ಅವನ ಹೆಸರಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ನನ್ನನ್ನು ಕೇಳಿದರೆ ಇದಕ್ಕಿಂತ ಮೊದಲು ಡ್ಯಾಡ್ಲಿಂಗ್‌ಟನ್‌ಗೆ ಹೋಗಬೇಕು. ಪುಟ್ಟ ಚರ್ಚು, ನೋಡಲು ಏನೂ ಆಡಂಬರ ಇಲ್ಲ. ಆದರೆ ಹೆಸರಿಲ್ಲದ ಸೈನಿಕರನ್ನು ತಂದು ಹೂತರು ಎಂದು ದಾಖಲೆ ಇರುವುದು ಇದಕ್ಕೆ. ರಾಜನಿಗೆ ಕೆಥೀಡ್ರಲ್ ಸಿಕ್ಕಿತು, ಅವರಿಗೆ ಇದು.

ಸ್ಟೋಕ್ ಗೋಲ್ಡಿಂಗ್ ಊರಿನಲ್ಲಿ ಕ್ರೌನ್ ಹಿಲ್ ಇದೆ. ರಿಚರ್ಡ್‌ನ ಕಿರೀಟವನ್ನು ತಂದು ಸ್ಟ್ಯಾನ್ಲಿ ಹೆನ್ರಿಯ ತಲೆಯ ಮೇಲೆ ಇಟ್ಟದ್ದು ಇಲ್ಲಿ ಎನ್ನುತ್ತಾರೆ. ಈ ಹೆಸರು ಹದಿನೇಳನೇ ಶತಮಾನದ ಶುರುವಿನ ದಾಖಲೆಯಲ್ಲೇ ಇದೆ. ನಿಜವಾದ ರಣರಂಗಕ್ಕೂ ಇದು ಹತ್ತಿರ. ಹಾಗಾಗಿ ಈ ಮಾತಿನಲ್ಲಿ ಹುರುಳಿದೆ. ಅದೇ ಊರಿನ ಸೇಂಟ್ ಮಾರ್ಗರೆಟ್ ಚರ್ಚಿನ ಕಿಟಕಿಯ ಕಲ್ಲಿನ ಮೇಲೆ ಉದ್ದ ಗೀರುಗಳಿವೆ. ಕದನದ ಹಿಂದಿನ ದಿನ ಸೈನಿಕರು ಕತ್ತಿ ಮಸೆದ ಗುರುತು ಎಂದು ತೋರಿಸುತ್ತಾರೆ. ಇಂಥ ಗೀರುಗಳು ಇಂಗ್ಲೆಂಡಿನ ಬೇರೆ ಚರ್ಚುಗಳಲ್ಲೂ ಇವೆ, ಕದನ ನಡೆಯದ ಊರುಗಳಲ್ಲೂ ಇವೆ.

ಇನ್ನು ಕದನ ನಡೆದ ಹೊಲಗಳು. ಅವು ಖಾಸಗಿ ಜಮೀನು. ಫೆನ್ ಲೇನ್ಸ್‌ನಲ್ಲಿ ಕಾರುಗಳು ಜೋರಾಗಿ ಓಡುತ್ತವೆ. ಜೌಗನ್ನು ಎಂದೋ ಬಸಿದು ಒಣಗಿಸಿದ್ದಾರೆ. ಗೊತ್ತಿಲ್ಲದವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಸಮಸ್ಯೆ ಹುಟ್ಟಿದ್ದೇ ಇದರಿಂದ.

ಕಾಣದ್ದನ್ನು ಕಾಯುವುದು

ಇಂಗ್ಲೆಂಡಿನಲ್ಲಿ 1995ರಿಂದ ಐತಿಹಾಸಿಕ ರಣರಂಗಗಳ ಅಧಿಕೃತ ಪಟ್ಟಿ ಇದೆ. ಬಾಸ್ವರ್ತ್ ಮೊದಲಿಂದಲೂ ಅದರಲ್ಲಿತ್ತು, ಆದರೆ ಆಂಬಿಯನ್ ಸುತ್ತ ಗೆರೆ ಎಳೆದಿದ್ದರು. ಹೊಸ ಸಂಶೋಧನೆಯ ಮೇಲೆ 2013ರಲ್ಲಿ ಗೆರೆ ತಿದ್ದಿ ಫೆನ್ ಲೇನ್ಸ್ ಕಡೆಗೆ ವಿಸ್ತರಿಸಿದರು. ಪಟ್ಟಿಗೆ ಸೇರಿದರೆ ರಕ್ಷಣೆ ಸಿಕ್ಕಿತು ಅಂತಲ್ಲ. ಹಳೆಯ ಕೋಟೆಗೋ ಚರ್ಚಿಗೋ ಇರುವ ಕಾನೂನಿನ ಕಾವಲು ರಣರಂಗಕ್ಕೆ ಇಲ್ಲ. ಅಲ್ಲಿ ಏನಾದರೂ ಕಟ್ಟಲು ಅರ್ಜಿ ಬಂದರೆ, ಒಪ್ಪಿಗೆ ಕೊಡುವ ಮುಂಚೆ ಸ್ಥಳೀಯ ಕೌನ್ಸಿಲ್ ಈ ಸಂಗತಿಯನ್ನು ತೂಗಿ ನೋಡಬೇಕು, ಅಷ್ಟೇ.

ಆ ಪರೀಕ್ಷೆ 2018ರಲ್ಲಿ ಬಂತು. ರಣರಂಗದ ಪಶ್ಚಿಮಕ್ಕೆ ವಾಹನ ಪರೀಕ್ಷೆಯ ದೊಡ್ಡ ಕೇಂದ್ರ ಇದೆ. ಹೊರೀಬಾ ಮೈರಾ ಎನ್ನುವ ಕಂಪನಿಯದ್ದು. ಚಾಲಕರಿಲ್ಲದ ಕಾರುಗಳ ಪರೀಕ್ಷೆಗೆ ಹೊಸ ಟ್ರ್ಯಾಕ್ ಬೇಕೆಂದು ಅವರು ಅರ್ಜಿ ಹಾಕಿದರು. ಅದರ ಒಂದು ಭಾಗ ಪಟ್ಟಿಯಲ್ಲಿದ್ದ ರಣರಂಗದ ಅಂಚಿನ ಒಳಗೆ ಬರುತ್ತಿತ್ತು. ಇಡೀ ರಣರಂಗಕ್ಕೆ ಹೋಲಿಸಿದರೆ ತುಂಬಾ ಚಿಕ್ಕ ತುಂಡು, ನಿಜ. ಆದರೆ ಹೆನ್ರಿಯ ಸೈನ್ಯ ಬಂದ ದಿಕ್ಕಿನ ತುಂಡು. ಬ್ಯಾಟಲ್‌ಫೀಲ್ಡ್ಸ್ ಟ್ರಸ್ಟ್ ಮತ್ತು ರಾಜನ ಹೆಸರಿನಲ್ಲಿರುವ ಮೂರನೇ ರಿಚರ್ಡ್ ಸೊಸೈಟಿ ವಿರೋಧಿಸಿದವು. ಸಾವಿರಾರು ಜನ ಸಹಿ ಹಾಕಿದರು. ಉದ್ಯೋಗ, ಹೊಸ ತಂತ್ರಜ್ಞಾನ, ಪ್ರದೇಶದ ಆರ್ಥಿಕತೆ ಎನ್ನುವ ವಾದ ಇನ್ನೊಂದು ಕಡೆ. ಹಿಂಕ್ಲಿ ಮತ್ತು ಬಾಸ್ವರ್ತ್ ಬರೋ ಕೌನ್ಸಿಲ್ ಒಮ್ಮೆ ಮುಂದೂಡಿ, ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಈ ಕಂಪನಿಯ ಅಂಗಳ ಇರುವುದು ಲಿಂಡ್ಲಿಯಲ್ಲಿ. ಕದನ ಸಮತಟ್ಟು ಬಯಲಲ್ಲಿ ನಡೆಯಿತು ಎಂದು 1622ರಲ್ಲಿ ಬರೆದ ವಿಲಿಯಂ ಬರ್ಟನ್‌ನ ಮನೆತನದ ಜಮೀನು ಇದೇ.

ಕೆಲಸ ಕೊಡುವ ಕಾರ್ಖಾನೆ ಬೇಡ ಅನ್ನುವವನು ನಾನಲ್ಲ. ಆದರೆ ಇಲ್ಲಿ ಕಳೆದುಕೊಳ್ಳುವುದು ಏನು ಎಂದು ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಕೋಟೆಯ ಕಲ್ಲು ಉದುರಿದರೆ ಮತ್ತೆ ಜೋಡಿಸಬಹುದು. ರಣರಂಗದಲ್ಲಿ ಸಾಕ್ಷಿ ಅಂದರೆ ಒಂದು ಗುಂಡು ಬಿದ್ದ ಜಾಗ, ಅದರಿಂದ ಇನ್ನೊಂದು ಗುಂಡಿಗಿರುವ ದೂರ. ಯಾವ ಕಡೆಯಿಂದ ಹಾರಿಸಿದರು, ಸೈನ್ಯ ಎಲ್ಲಿ ನಿಂತಿತ್ತು ಎಂದು ತಿಳಿಯುವುದು ಆ ಜಾಗ ಮತ್ತು ದೂರಗಳಿಂದಲೇ. ಜೆಸಿಬಿ ಒಮ್ಮೆ ಮಣ್ಣು ಎತ್ತಿ ಬೇರೆ ಕಡೆ ಸುರಿದರೆ ಗುಂಡು ಸಿಕ್ಕರೂ ಸಾಕ್ಷಿ ಹೋಯಿತು. ರಾತ್ರಿ ಹೊತ್ತು ಡಿಟೆಕ್ಟರ್ ಹಿಡಿದು ಹೊಲಕ್ಕೆ ನುಗ್ಗುವ ಕಳ್ಳರೂ ಇದನ್ನೇ ಮಾಡುತ್ತಾರೆ. ಆ ಬೆಳ್ಳಿ ಹಂದಿ ಅಂಥ ಒಬ್ಬನ ಕೈಗೆ ಮೊದಲು ಸಿಕ್ಕಿದ್ದರೆ ಎಲ್ಲೋ ಹರಾಜಿನಲ್ಲಿ ಮಾರಾಟವಾಗಿ, ಒಂದು ಒಡವೆಯಾಗಿ ಉಳಿಯುತ್ತಿತ್ತು. ಫೆನ್ ಹೋಲ್ ಹೆಸರೇ ಬರುತ್ತಿರಲಿಲ್ಲ.

ಆ ಬಯಲಿನ ಕೆಲಸ ಮುಗಿದಿಲ್ಲ. ಸತ್ತವರನ್ನು ಒಟ್ಟಿಗೆ ಹೂತ ದೊಡ್ಡ ಗುಂಡಿ ಇನ್ನೂ ಸಿಕ್ಕಿಲ್ಲ. ಯಾರ್ಕ್‌ಷೈರ್‌ನ ಟೌಟನ್‌ನಲ್ಲಿ, ಇದೇ ಅಂತರ್ಯುದ್ಧದ 1461ರ ಕದನದ ಅಂಥ ಒಂದು ಗುಂಡಿ 1996ರಲ್ಲಿ ಕಟ್ಟಡ ಕೆಲಸದ ನಡುವೆ ಸಿಕ್ಕಿತು. ಸಾಮಾನ್ಯ ಸೈನಿಕರು ಹೇಗೆ ಬದುಕಿದರು, ಹೇಗೆ ಸತ್ತರು ಎಂದು ಆ ಮೂಳೆಗಳು ಹೇಳಿದಷ್ಟು ಯಾವ ಗ್ರಂಥವೂ ಹೇಳಿರಲಿಲ್ಲ. ಬಾಸ್ವರ್ತ್‌ನಲ್ಲಿ ರಾಜನ ಒಂದೊಂದು ಗಾಯವನ್ನೂ ಎಣಿಸಿದ್ದೇವೆ, ಅವನ ಜೊತೆ ಬಿದ್ದವರ ಒಂದು ಮೂಳೆಯನ್ನೂ ಹಾಗೆ ನೋಡಿಲ್ಲ. ಆ ಗುಂಡಿ ಫೆನ್ ಲೇನ್ಸ್‌ನ ಯಾವ ಹೊಲದಲ್ಲಾದರೂ ಇರಬಹುದು, ಡ್ಯಾಡ್ಲಿಂಗ್‌ಟನ್ ಚರ್ಚಿನ ಆವರಣದಲ್ಲೂ ಇರಬಹುದು. ಅದಕ್ಕಾಗಿಯೇ ಅಲ್ಲಿ ಇನ್ನು ಮುಂದೆ ಯಾರೇ ಸಲಿಕೆ ಹಾಕುವ ಮುಂಚೆ ಪುರಾತತ್ವದವರು ಅಲ್ಲಿ ನಿಂತಿರಬೇಕು. ಅದು ಕೌನ್ಸಿಲ್‌ನ ಮರ್ಜಿಗೆ ಬಿಟ್ಟ ವಿಷಯ ಆಗಬಾರದು, ಕಾನೂನೇ ಆಗಬೇಕು.